ಭತ್ತದ ಗದ್ದೆಯ ಬಕ: ಅದರ ಜೀವನ ಮತ್ತು ನಡತೆ



ಕಾಲುವೆಗೆ ನೀರು ಬಂದ ಮೇಲೆ ತುರ್ವಿಹಾಳದ ಸುತ್ತಮುತ್ತಲಿನ ಗದ್ದೆಗಳಲ್ಲಿ ಬೆಳಗಿನ ಹೊತ್ತು ಬದುವಿನ ಮೇಲೆ ನಡೆದು ಹೋಗುವಾಗ, ಕಾಲ ಬುಡದಿಂದಲೇ ಎಂಬಂತೆ ಒಂದು ಹಕ್ಕಿ ಒರಟು ದನಿಯಲ್ಲಿ ಕೂಗಿ ಮೇಲೇಳುವುದನ್ನು ನೀವೆಲ್ಲರೂ ಕಂಡಿದ್ದೀರಿ. ಕುಳಿತಿದ್ದಾಗ ಅದು ಮಣ್ಣಿನ ಹೆಂಟೆಯಂತೆ ಇತ್ತು. ಹಾರಿದ ಕೂಡಲೇ ರೆಕ್ಕೆ, ಬಾಲ ಎಲ್ಲ ಬೆಳ್ಳಗೆ ಬಿಚ್ಚಿಕೊಂಡವು. ನಾಲ್ಕು ಮಾರು ಹಾರಿ ಮುಂದಿನ ಮಡಿಯ ಅಂಚಿನಲ್ಲಿ ಇಳಿದು ರೆಕ್ಕೆ ಮಡಿಚಿದೊಡನೆ ಮತ್ತೆ ಕಾಣದಾಯಿತು. ಇದೇ ಕೊಳದ ಬಕ. ನಮ್ಮ ಕಡೆ ಹೆಚ್ಚಿನವರು ಇದನ್ನು ಬರೇ ಕೊಕ್ಕರೆ ಎನ್ನುತ್ತಾರೆ. ನೀರಿನಲ್ಲಿ ನಿಲ್ಲುವ ಉದ್ದ ಕೊಕ್ಕಿನ ಹಕ್ಕಿಗಳಿಗೆಲ್ಲ ಅದೊಂದೇ ಹೆಸರನ್ನು ಹಚ್ಚುವುದರಿಂದ, ಯಾವ ಹಕ್ಕಿಯ ಮಾತು ಎಂಬುದು ಮೊದಲು ಸ್ಪಷ್ಟವಾಗಬೇಕು.

ಹಗಲೆಲ್ಲ ನಿಮ್ಮ ಗದ್ದೆಯಲ್ಲೇ ನಿಂತಿರುವ ಈ ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಮರಿ ಮಾಡುತ್ತದೆ, ಅದರಿಂದ ಲಾಭವೋ ನಷ್ಟವೋ, ಊರಿನ ಮಕ್ಕಳ ಆರೋಗ್ಯಕ್ಕೂ ಅದಕ್ಕೂ ಏನು ಸಂಬಂಧ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗುರುತಿಸುವುದು ಹೇಗೆ?

ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು 45 ಸೆಂ.ಮೀ. ಉದ್ದ. ಮೈ ನಾಟಿ ಕೋಳಿಯಷ್ಟು ಕಂಡರೂ ಎತ್ತಿ ನೋಡಿದರೆ ಬಹಳ ಹಗುರ. ಕುತ್ತಿಗೆಯನ್ನು ಹೆಗಲೊಳಗೆ ಹುದುಗಿಸಿ ಗೂನು ಬೆನ್ನಿನ ಮುದುಕನಂತೆ ನಿಲ್ಲುವುದು ಇದರ ಮುಖ್ಯ ಲಕ್ಷಣ. ಬೆನ್ನು ಮಣ್ಣುಗಂದು, ತಲೆ ಮತ್ತು ಎದೆಯ ಮೇಲೆ ಕಂದು ಗೀರುಗಳು, ಕಾಲು ಮಾಸಲು ಹಸಿರು. ದನಗಳ ಹಿಂದೆ, ರೆಂಟೆ ಮತ್ತು ಟ್ರ್ಯಾಕ್ಟರುಗಳ ಹಿಂದೆ ಗುಂಪಾಗಿ ನಡೆಯುವ ಅಚ್ಚ ಬಿಳಿಯ ಹಕ್ಕಿ ಬೇರೆ, ಅದು ಗೋವಕ್ಕಿ. ಕೆಂಪನೆಯ ಉದ್ದ ಕಡ್ಡಿಗಾಲಿನ, ಕಪ್ಪು ರೆಕ್ಕೆಯ ಹಕ್ಕಿ ಮೆಟ್ಟುಗಾಲು ಹಕ್ಕಿ. ನೆತ್ತಿಯ ಹಿಂದೆ ಕೆಂಪು ಇದ್ದು ಬಾಗಿದ ಕೊಕ್ಕುಳ್ಳ ಕರಿಯ ಹಕ್ಕಿ ಕೆಂಬರಲು. ಇವೆಲ್ಲವೂ ಒಂದೇ ಗದ್ದೆಯಲ್ಲಿ ಇಳಿಯಬಹುದಾದರೂ ಇವುಗಳ ಊಟ, ಸಂಸಾರ ಬೇರೆ ಬೇರೆ.

ಹಾರುವಾಗ ಗುರುತಿಸಲು ಇನ್ನೊಂದು ಸುಲಭ ಉಪಾಯವುಂಟು. ಬಕ ಮತ್ತು ಬೆಳ್ಳಕ್ಕಿಗಳು ಹಾರುವಾಗ ಕುತ್ತಿಗೆಯನ್ನು ಹಿಂದಕ್ಕೆ ಮಡಿಚಿಕೊಂಡಿರುತ್ತವೆ. ಬಣ್ಣದ ಕೊಕ್ಕರೆ, ಕೆಂಬರಲು ಮುಂತಾದವು ಕುತ್ತಿಗೆಯನ್ನು ಮುಂದಕ್ಕೆ ನೀಟಾಗಿ ಚಾಚಿರುತ್ತವೆ.

ಮಳೆಗಾಲ ಹಿಡಿದ ಮೇಲೆ ಇದೇ ಹಕ್ಕಿ ವೇಷ ಬದಲಿಸುತ್ತದೆ. ಬೆನ್ನಿನ ಮೇಲೆ ಕಡುಗೆಂಪು ಕಂದಿನ ಕೂದಲಿನಂಥ ಗರಿಗಳು ಇಳಿಬೀಳುತ್ತವೆ, ತಲೆ ಕುತ್ತಿಗೆಗಳು ಹಳದಿ ಬೆರೆತ ತಿಳಿಗಂದು ಬಣ್ಣ ತಳೆಯುತ್ತವೆ, ನೆತ್ತಿಯಿಂದ ಉದ್ದನೆಯ ಬೆಳ್ಳನೆಯ ಗರಿಗಳು ಹಿಂದಕ್ಕೆ ಜೋಲುತ್ತವೆ. ಕೊಕ್ಕಿನ ಬುಡಕ್ಕೆ ನೀಲಿ ಬರುತ್ತದೆ. ಕೆಲವು ಹಕ್ಕಿಗಳ ಕಾಲು ಕೆಂಪಾಗುವುದೂ ಉಂಟು. ಈ ಮದುವೆಯ ಉಡುಪನ್ನು ನೋಡಿ ಬೇರೆ ಯಾವುದೋ ದೂರದೇಶದ ಹಕ್ಕಿ ಬಂದಿದೆ ಎಂದು ತಿಳಿಯುವವರಿದ್ದಾರೆ. ಹಾಗಲ್ಲ, ಬೇಸಿಗೆಯಲ್ಲಿ ಹಳ್ಳದ ಗುಂಡಿಯ ಹತ್ತಿರ ಕಂಡ ಮಣ್ಣುಬಣ್ಣದ ಹಕ್ಕಿಯೇ ಅದು. ಕೊಳದ ಬಕ ವಲಸೆಯ ಹಕ್ಕಿಯಲ್ಲ. ನೀರು ಎಲ್ಲಿದೆಯೋ ಅಲ್ಲಿಗೆ ಹತ್ತಿಪ್ಪತ್ತು ಮೈಲಿ ಆಚೀಚೆ ಸರಿದಾಡುವುದು ಬಿಟ್ಟರೆ ವರ್ಷವಿಡೀ ನಮ್ಮಲ್ಲೇ ಇರುತ್ತದೆ.

ವಿಜ್ಞಾನದ ಪುಸ್ತಕಗಳಲ್ಲಿ ಇದರ ಹೆಸರು ಆರ್ಡಿಯೋಲಾ ಗ್ರೇಯಿ. ಈ ಹೆಸರಿನಲ್ಲಿ ಇದನ್ನು ಮೊದಲು ವರ್ಣಿಸಿದವನು ಸೈಕ್ಸ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ, 1832ರಲ್ಲಿ. ಅವನು ಹಕ್ಕಿಗಳನ್ನು ಸಂಗ್ರಹಿಸಿದ್ದು ದಖನ್ ಸೀಮೆಯಲ್ಲಿ. ಆದ್ದರಿಂದ ಇದು ನಮ್ಮ ಸೀಮೆಯ ಹಕ್ಕಿಯೆಂದೇ ಹೇಳಬಹುದು.

ಕುರುಡೂ ಅಲ್ಲ, ಧ್ಯಾನವೂ ಅಲ್ಲ

ಬಕಧ್ಯಾನ ಎಂಬ ಮಾತು ನಮ್ಮಲ್ಲಿ ಹಳೆಯದು. ಒಳಗೊಂದು ಹೊರಗೊಂದು ಇರುವ ಮನುಷ್ಯನಿಗೆ ಈ ಹಕ್ಕಿಯ ಹೋಲಿಕೆ ಕೊಡುತ್ತೇವೆ. ಇನ್ನು ಕೆಲವು ಕಡೆ ಇದಕ್ಕೆ ಕಣ್ಣು ಸರಿಯಾಗಿ ಕಾಣದು ಎಂದು ನಂಬುತ್ತಾರೆ. ಶ್ರೀಲಂಕಾದ ಸಿಂಹಳ ಭಾಷೆಯಲ್ಲಂತೂ ಇದರ ಹೆಸರೇ ಅರೆಗುರುಡು ಕೊಕ್ಕರೆ ಎಂಬ ಅರ್ಥದ್ದು. ಮನುಷ್ಯ ತೀರ ಹತ್ತಿರ ಬರುವವರೆಗೂ ಏಳದೆ ಕುಳಿತಿರುವುದರಿಂದ ಈ ನಂಬಿಕೆ ಹುಟ್ಟಿದೆ.

ವಾಸ್ತವವಾಗಿ ಅದು ನಿಮ್ಮನ್ನು ದೂರದಿಂದಲೇ ನೋಡಿರುತ್ತದೆ. ತನ್ನ ಬಣ್ಣವನ್ನು ನಂಬಿ ಕುಳಿತಿರುತ್ತದೆ, ಅಷ್ಟೆ. ಹಾರಿದರೆ ಬಿಳಿಯ ರೆಕ್ಕೆ ಬಯಲಾಗುತ್ತದೆ, ಶಕ್ತಿಯೂ ಖರ್ಚಾಗುತ್ತದೆ. ಕೂತರೆ ಎರಡೂ ಉಳಿಯುತ್ತವೆ. ಬಕದ ಕಣ್ಣುಗಳು ಕೊಕ್ಕಿನ ಬುಡದ ಎರಡೂ ಬದಿಯಲ್ಲಿ ಕೆಳಮುಖವಾಗಿ ನೋಡುವಂತೆ ಇವೆ. ತಲೆಯನ್ನು ಅಲುಗಿಸದೆ ತನ್ನ ಕಾಲ ಹತ್ತಿರದ ನೀರನ್ನು ಅದು ನೋಡಬಲ್ಲದು. ಬಕೆಟ್ಟಿನ ನೀರಿನಲ್ಲಿ ಕೋಲು ಅದ್ದಿದರೆ ಅದು ಮುರಿದಂತೆ ಕಾಣುವುದು ನಿಮಗೆ ಗೊತ್ತು. ನೀರೊಳಗಿನ ಮೀನೂ ಹಾಗೆಯೇ ಇದ್ದ ಜಾಗದಲ್ಲಿ ಕಾಣದೆ ತುಸು ಮೇಲೆ ಕಾಣುತ್ತದೆ. ಬಕದ ಬಳಗದ ಹಕ್ಕಿಗಳು ಈ ವ್ಯತ್ಯಾಸವನ್ನು ಲೆಕ್ಕ ಹಾಕಿಯೇ ಕುಟುಕುತ್ತವೆ. ಹೊಸದಾಗಿ ಗೂಡು ಬಿಟ್ಟ ಮರಿಗಳು ಮಾತ್ರ ಗುರಿ ತಪ್ಪುವುದು ಹೆಚ್ಚು. ರೂಢಿಯಾಗುವವರೆಗೆ ಅವು ಅರೆಹೊಟ್ಟೆಯಲ್ಲೇ ಇರಬೇಕಾಗುತ್ತದೆ.

ಕುತ್ತಿಗೆಯ ರಚನೆಯೂ ವಿಶೇಷವಾದದ್ದು. ಅದರ ಮಧ್ಯದ ಒಂದು ಎಲುಬು ಉಳಿದವುಗಳಿಗಿಂತ ಉದ್ದವಾಗಿದ್ದು ಬೇರೆ ರೀತಿಯಲ್ಲಿ ಜೋಡಣೆಗೊಂಡಿದೆ. ಇದರಿಂದ ಕುತ್ತಿಗೆ ಮಡಿಚಿದಾಗ ಕೊಂಕು ಬೀಳುತ್ತದೆ, ಬಿಟ್ಟಾಗ ಬಿಲ್ಲಿನಿಂದ ಹೊರಟ ಬಾಣದಂತೆ ಮುಂದೆ ನುಗ್ಗುತ್ತದೆ. ಗೂನು ಬೆನ್ನಿನ ಹಕ್ಕಿ ಒಮ್ಮೆಲೇ ಎರಡರಷ್ಟು ಉದ್ದವಾದಂತೆ ಕಂಡು ನೀವು ಬೆರಗಾಗಿದ್ದರೆ ಅದಕ್ಕೆ ಕಾರಣ ಇದೇ. ಮೀನಿನ ಲೋಳೆ, ಕೆಸರು ಗರಿಗಳಿಗೆ ಮೆತ್ತಿದರೆ ಅದಕ್ಕೂ ವ್ಯವಸ್ಥೆಯಿದೆ. ಎದೆಯ ಮೇಲಿನ ಕೆಲವು ಗರಿಗಳು ಉದುರದೆ, ತುದಿಯಿಂದ ಹಿಟ್ಟಿನಂತೆ ಪುಡಿಯಾಗುತ್ತ ಇರುತ್ತವೆ. ಹಕ್ಕಿ ಆ ಪುಡಿಯನ್ನು ಗರಿಗಳಿಗೆ ಹಚ್ಚಿಕೊಂಡು, ಕಾಲಿನ ನಡುಬೆರಳ ಉಗುರಿನಲ್ಲಿರುವ ಬಾಚಣಿಗೆಯಂಥ ಹಲ್ಲುಗಳಿಂದ ಬಾಚಿ ತೆಗೆಯುತ್ತದೆ.

ಏನು ತಿನ್ನುತ್ತದೆ?

ರೈತನಿಗೆ ಬೇಕಾದ ಪ್ರಶ್ನೆ ಇದು. ಕೊಳದ ಬಕ ಒಂದು ಕಾಳು ಭತ್ತವನ್ನೂ ತಿನ್ನುವುದಿಲ್ಲ. ಅದರ ಆಹಾರವೆಲ್ಲ ಜೀವ ಇರುವಂಥದ್ದು: ಸಣ್ಣ ಮೀನು, ಕಪ್ಪೆ, ಗೊದಮೊಟ್ಟೆ, ಏಡಿ, ಮಿಡತೆ, ನೀರಿನ ಜೀರುಂಡೆ ಮತ್ತು ತಿಗಣೆಗಳು, ಏರೋಪ್ಲೇನ್ ಚಿಟ್ಟೆಗಳು ಮತ್ತು ನೀರಿನಲ್ಲಿ ಬೆಳೆಯುವ ಅವುಗಳ ಮರಿಗಳು, ಎರೆಹುಳು.

ಈ ಪಟ್ಟಿಯಲ್ಲಿ ಏಡಿಗೆ ಮೊದಲ ಮಣೆ ಹಾಕಬೇಕು. ಬದುವಿನಲ್ಲಿ ಏಡಿ ಬಿಲ ಕೊರೆದರೆ ರಾತ್ರೋರಾತ್ರಿ ಒಂದು ಮಡಿಯ ನೀರು ಇನ್ನೊಂದಕ್ಕೆ ಇಳಿದು ಹೋಗುವುದು, ಹಾಕಿದ ಯೂರಿಯಾ ಅದರೊಡನೆ ಹೋಗುವುದು, ಎಳೆಯ ಸಸಿಗಳನ್ನು ಅದು ಬುಡದಲ್ಲಿ ಕತ್ತರಿಸುವುದು ನಿಮ್ಮ ಅನುಭವಕ್ಕೆ ಬಂದ ವಿಷಯ. ಕಾಲುವೆಯ ಕೊನೆಯ ಭಾಗದ ರೈತರಿಗೆ ಒಂದು ರಾತ್ರಿ ಸೋರಿದ ನೀರನ್ನು ಮತ್ತೆ ತರುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಪಂಚತಂತ್ರದ ಕಥೆಯಲ್ಲಿ ಮೋಸಗಾರ ಬಕದ ಕುತ್ತಿಗೆಯನ್ನು ಏಡಿ ಕತ್ತರಿಸಿ ಗೆಲ್ಲುತ್ತದೆ. ಗದ್ದೆಯಲ್ಲಿ ನಡೆಯುವುದು ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಆದರೆ ಬಲಿತ ದೊಡ್ಡ ಏಡಿ ಈ ಹಕ್ಕಿಯ ಗಂಟಲಿಗೆ ಹಿಡಿಸುವಂಥದ್ದಲ್ಲ, ಅದು ನುಂಗುವುದು ಮರಿ ಏಡಿಗಳನ್ನು. ಆದ್ದರಿಂದ ಬಕವಿದೆ ಎಂದು ಬದು ಕೆತ್ತಿ ಮೆತ್ತುವ ಕೆಲಸವನ್ನು ಬಿಡಲಾಗದು.

ಮಿಡತೆ ಮತ್ತು ಹುಳುಗಳ ವಿಷಯದಲ್ಲೂ ಹೀಗೆಯೇ. ಬದುವಿನ ಹುಲ್ಲಿನಲ್ಲಿ ಮಿಡತೆಗಳನ್ನು ಹೆಕ್ಕುವುದರಲ್ಲಿ ಇದು ಚುರುಕು. ಆದರೆ ಕಾಂಡದೊಳಗೆ ಹೊಕ್ಕ ಕೊರೆಯುವ ಹುಳು ಇದಕ್ಕೆ ಸಿಗುವುದಿಲ್ಲ, ಭತ್ತದ ಬುಡದಲ್ಲಿ ಸಾವಿರಗಟ್ಟಲೆ ಕೂರುವ ಕಂದು ಜಿಗಿಹುಳು ಇದಕ್ಕೆ ತೀರ ಚಿಕ್ಕದು. ಇನ್ನೊಂದು ಕಡೆ, ಇದು ತಿನ್ನುವ ಕಪ್ಪೆಗಳೂ ಏರೋಪ್ಲೇನ್ ಚಿಟ್ಟೆಗಳೂ ತಾವೇ ಹುಳು ತಿನ್ನುವಂಥವು, ನಿಮ್ಮ ಮಿತ್ರರು. ಹೀಗಿರುವಾಗ ಬಕವನ್ನು ಬೆಳೆಯ ರಕ್ಷಕ ಎಂದು ಹೊಗಳಿ ಬರೆಯುವುದು ಅತಿಶಯೋಕ್ತಿ. ಜಮಾ ಖರ್ಚು ಎರಡನ್ನೂ ಬರೆದು ನೋಡಿದರೆ, ಬೆಳೆಗೆ ಯಾವ ಕೇಡನ್ನೂ ಮಾಡದೆ ಏಡಿ ಮಿಡತೆಗಳನ್ನು ಸ್ವಲ್ಪಮಟ್ಟಿಗೆ ಹದ್ದುಬಸ್ತಿನಲ್ಲಿಡುವ ಹಕ್ಕಿ ಎಂದು ಹೇಳಬಹುದು. ಅದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ: ಗದ್ದೆಯ ನೀರಿನಲ್ಲಿ ಜೀವ ಉಳಿದಿದೆಯೋ ಇಲ್ಲವೋ ಎಂಬುದನ್ನು ಅದು ತೋರಿಸಿಕೊಡುತ್ತದೆ. ಪಕ್ಕದ ಮಡಿಯಲ್ಲಿ ಬಕ ನಿಂತು, ನಿಮ್ಮ ಮಡಿಗೆ ಮಾತ್ರ ವಾರಗಟ್ಟಲೆ ಇಳಿಯದಿದ್ದರೆ, ಏನು ಸಿಂಪಡಿಸಿದ್ದೀರೆಂದು ಒಮ್ಮೆ ನೆನಪು ಮಾಡಿಕೊಳ್ಳಿ.

ಕಾಲುವೆ ಮತ್ತು ಬಕ

ಸಿಂಧನೂರು ಸೀಮೆ ಹಿಂದೆ ಜೋಳ, ಹತ್ತಿಯ ಎರೆ ಭೂಮಿ. ನೀರುಹಕ್ಕಿಗೆ ಇಲ್ಲಿ ಹಳ್ಳ, ಕೆರೆ, ಬಾವಿಗಳ ಹೊರತು ಬೇರೆ ಆಸರೆ ಇರಲಿಲ್ಲ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿ, ಮುಂದೆ 227 ಕಿ.ಮೀ. ಉದ್ದದ ಎಡದಂಡೆ ಮುಖ್ಯ ಕಾಲುವೆ ಪೂರ್ಣಗೊಂಡು ಊರೂರಿಗೆ ಉಪಕಾಲುವೆಗಳು ಬಂದ ಮೇಲೆ ಇಲ್ಲಿನ ನೋಟವೇ ಬದಲಾಯಿತು. ಯೋಜನೆ ಮಾಡಿದವರು ಈ ಭಾಗದಲ್ಲಿ ಹೆಚ್ಚಾಗಿ ಲಘು ನೀರಾವರಿ ಬೆಳೆಗಳನ್ನು ಎಣಿಸಿದ್ದರು. ಆದರೆ ರೈತರು ಹಿಡಿದದ್ದು ಭತ್ತವನ್ನು. ಅದರಿಂದ ಬಂದ ಸವಳು ಜವಳಿನ ತೊಂದರೆ ಪ್ರತ್ಯೇಕವಾಗಿ ಬರೆಯಬೇಕಾದ ವಿಷಯ. ಬಕಕ್ಕೆ ಮಾತ್ರ ಇದು ಒಳ್ಳೆಯದಾಯಿತು. ಭತ್ತದ ಗದ್ದೆಯೆಂದರೆ ಅದರ ಲೆಕ್ಕದಲ್ಲಿ ಮೊಣಕಾಲು ಮುಳುಗದಷ್ಟು ನೀರಿರುವ, ಅಂಚು ಎಲ್ಲೆಡೆ ಸಿಗುವ, ಊಟ ತುಂಬಿದ ದೊಡ್ಡ ಕೆರೆ.

ಅದರ ವರ್ಷ ಈಗ ಕಾಲುವೆಯ ವರ್ಷಕ್ಕೆ ಹೊಂದಿಕೊಂಡಿದೆ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಹಳ್ಳದ ಮಡುಗಳಲ್ಲಿ, ಕುಡಿಯುವ ನೀರಿನ ಕೆರೆಗಳ ಅಂಚಿನಲ್ಲಿ, ಕೃಷಿಹೊಂಡಗಳಲ್ಲಿ ಇಕ್ಕಟ್ಟಾಗಿ ಸೇರಿರುತ್ತವೆ. ನೀರು ಬಿಟ್ಟು ಸಸಿಮಡಿಗಳನ್ನು ಮಾಡುವಾಗ ಅಲ್ಲೊಂದು ಇಲ್ಲೊಂದು ಬರುತ್ತವೆ. ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಕಟ್ಟಿ ಕೆಸರು ಮಾಡುವಾಗ ಗೋವಕ್ಕಿಗಳು ಗಾಲಿಯ ಹಿಂದೆ ಓಡಾಡಿದರೆ, ಕೊಳದ ಬಕ ಬದುವಿನ ಮೇಲೆ ತನ್ನ ಪಾಡಿಗೆ ನಿಂತು, ಕೆಸರಿನ ಅಲೆ ತಂದು ಹಾಕಿದ್ದನ್ನು ಹೆಕ್ಕುತ್ತದೆ. ನಾಟಿಯಾದ ಮೊದಲ ತಿಂಗಳು ಅದಕ್ಕೆ ಸುಗ್ಗಿ. ಪೈರು ಒತ್ತಾಗಿ ನೀರು ಕಾಣದಂತಾದಾಗ ಹೊಲಗಾಲುವೆ ಮತ್ತು ಬಸಿಗಾಲುವೆಗಳಿಗೆ ಸರಿಯುತ್ತದೆ. ಕೊಯ್ಲಿಗೆ ಮುಂಚೆ ನೀರು ತೆಗೆದಾಗ ತಗ್ಗಿನ ಗುಂಡಿಗಳಲ್ಲಿ ಮೀನು ಗೊದಮೊಟ್ಟೆಗಳು ಒತ್ತೊತ್ತಾಗಿ ಸೇರುತ್ತವಲ್ಲ, ಆಗ ಮತ್ತೊಮ್ಮೆ ಹಬ್ಬ. ಒಂದೊಂದು ಬಕ ಒಂದೊಂದು ಜಾಗವನ್ನು ತನ್ನದೆಂದು ಹಿಡಿದು ಇನ್ನೊಂದನ್ನು ಓಡಿಸುವುದು ಸಾಮಾನ್ಯ. ಇಂಥ ಗುಂಡಿಗಳ ಬಳಿ ಮಾತ್ರ ಹತ್ತಾರು ಕೂಡಿ ನಿಲ್ಲುತ್ತವೆ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಗಿ ನೀರು ನದಿಗೆ ನುಗ್ಗಿದಾಗ ಎಡದಂಡೆಯ ಪ್ರತಿಯೊಂದು ಮನೆಯಲ್ಲೂ ಆತಂಕವಿತ್ತು. ನಾಟಿ ಮಾಡಿದ ಪೈರಿನ ಗತಿ ಏನೆಂದು ಕೇಳದವರಿರಲಿಲ್ಲ. ಈ ಹಕ್ಕಿಯ ಬದುಕು ನಿಂತಿರುವುದೂ ಅದೇ ನೀರಿನ ಮೇಲೆ. ಕೂರಿಗೆ ಭತ್ತ ಹೆಚ್ಚಿದಂತೆ ಗದ್ದೆಗಳಲ್ಲಿ ಮೊದಲ ದಿನಗಳಲ್ಲಿ ನಿಂತ ನೀರು ಕಡಿಮೆಯಾಗುತ್ತದೆ. ಅಂಥ ಕಡೆ ಬಕಗಳು ತಡವಾಗಿ ಬರುವುದು ಸಹಜ. ನೀರಿನ ಉಳಿತಾಯಕ್ಕಾಗಿ ಕೂರಿಗೆ ಬಿತ್ತನೆ ಬೇಕಾದದ್ದೇ. ಹಕ್ಕಿಯ ಸಲುವಾಗಿ ನೀರು ನಿಲ್ಲಿಸಿ ಎಂದು ಹೇಳುವ ಉದ್ದೇಶ ಇಲ್ಲಿಲ್ಲ.

ಗೂಡು ಮತ್ತು ಮರಿ

ಹಗಲು ಒಂಟಿಯಾಗಿರುವ ಬಕ ರಾತ್ರಿ ಗುಂಪಿನಲ್ಲಿ ಮಲಗುತ್ತದೆ, ಗುಂಪಿನಲ್ಲೇ ಮರಿ ಮಾಡುತ್ತದೆ. ಹುಣಸೆ, ಆಲ, ಮಾವು, ಜಾಲಿ ಮುಂತಾದ ಮರಗಳನ್ನು ಆರಿಸಿಕೊಳ್ಳುತ್ತದೆ. ಅವು ಊರ ನಡುವೆ, ಬಸ್ಸು ನಿಲ್ಲುವ ಜಾಗದಲ್ಲಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಒಮ್ಮೆ ಹಿಡಿಸಿದ ಮರಕ್ಕೆ ವರ್ಷ ವರ್ಷವೂ ಬರುತ್ತದೆ. ಅದೇ ಮರದಲ್ಲಿ ಬೆಳ್ಳಕ್ಕಿ, ಇರುಳು ಬಕ, ನೀರುಕಾಗೆಗಳೂ ಬಾಡಿಗೆಗೆ ಇದ್ದಂತೆ ಮೇಲೆ ಕೆಳಗೆ ಗೂಡು ಕಟ್ಟಿಕೊಂಡಿರುತ್ತವೆ.

ಗಂಡು ಕಡ್ಡಿ ತರುತ್ತದೆ, ಹೆಣ್ಣು ಜೋಡಿಸುತ್ತದೆ. ಗೂಡು ಅಂದವಾಗಿರುವುದಿಲ್ಲ, ನಾಲ್ಕಾರು ಹಿಡಿ ಕಡ್ಡಿಯ ಅಟ್ಟಣಿಗೆ, ಅಷ್ಟೆ. ಕೆಳಗೆ ನಿಂತು ನೋಡಿದರೆ ಕಡ್ಡಿಗಳ ಸಂದಿನಿಂದ ಮೊಟ್ಟೆ ಕಾಣುವಷ್ಟು ತೆಳು. ತಿಳಿ ನೀಲಿ ಹಸಿರಿನ ಮೂರರಿಂದ ಐದು ಮೊಟ್ಟೆಗಳು. ತಂದೆ ತಾಯಿ ಇಬ್ಬರೂ ಸರದಿಯ ಮೇಲೆ ಮೂರು ವಾರಕ್ಕೂ ಮಿಕ್ಕಿ ಕಾವು ಕೊಡುತ್ತವೆ. ಮೊದಲ ಮೊಟ್ಟೆ ಇಟ್ಟಾಗಿನಿಂದಲೇ ಕಾವು ಆರಂಭವಾಗುವುದರಿಂದ ಮರಿಗಳು ಒಂದೇ ದಿನ ಒಡೆಯುವುದಿಲ್ಲ, ದಿನ ಬಿಟ್ಟು ದಿನ ಹೊರಬರುತ್ತವೆ. ಹಿರಿಯ ಮರಿ ಬಲಿತಿರುವಾಗ ಕಿರಿಯದು ಇನ್ನೂ ಕಣ್ಣು ಪಿಳುಕಿಸುತ್ತಿರುತ್ತದೆ. ಊಟ ಸಾಕಷ್ಟು ಬಂದರೆ ಎಲ್ಲವೂ ಬದುಕುತ್ತವೆ. ಬಾರದಿದ್ದರೆ ದೊಡ್ಡವು ಕಸಿದು ತಿಂದು, ಕಡೆಯದು ಸಾಯುತ್ತದೆ. ನಮಗೆ ನಿಷ್ಕರುಣೆಯೆಂದು ತೋರಿದರೂ, ಮಳೆ ನಂಬಲಾಗದ ಸೀಮೆಯಲ್ಲಿ ನಾಲ್ಕೂ ಮರಿ ಅರೆಹೊಟ್ಟೆಯಲ್ಲಿ ಸಾಯುವುದಕ್ಕಿಂತ ಎರಡಾದರೂ ಗಟ್ಟಿಯಾಗಿ ಬೆಳೆಯುವ ಏರ್ಪಾಡು ಇದು.

ಮರಿಗಳಿಗೆ ತರುವ ಊಟದಲ್ಲಿ ಮೀನೇ ಹೆಚ್ಚು. ತಂದೆ ತಾಯಿ ನುಂಗಿ ತಂದದ್ದನ್ನು ಕಕ್ಕಿ ಕೊಡುತ್ತವೆ. ಮರದ ಹತ್ತಿರ ಗದ್ದಲವಾದರೆ ಮರಿಗಳು ಹೆದರಿ ತಿಂದದ್ದನ್ನು ಹೊರಹಾಕುತ್ತವೆ. ದೊಡ್ಡ ಹಕ್ಕಿಗಳು ಹಾರಿದ ಸಮಯ ನೋಡಿ ಕಾಗೆ, ಹದ್ದುಗಳು ಮೊಟ್ಟೆ ಮರಿಗಳನ್ನು ಎತ್ತಿಕೊಂಡು ಹೋಗುತ್ತವೆ. ಹಿಕ್ಕೆಯ ವಾಸನೆ ತಾಳಲಾರದೆ ಪಟಾಕಿ ಹಾರಿಸುವವರು, ಮಳೆಗಾಲದ ನಡುವೆ ಕೊಂಬೆ ಕಡಿಸುವವರು ಇದನ್ನು ತಿಳಿದಿರಬೇಕು. ಕೊಂಬೆ ಕಡಿದ ದಿನ ನೆಲಕ್ಕೆ ಬಿದ್ದ ಮರಿಗಳು ಮತ್ತೆ ಬದುಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಹಕ್ಕಿಯನ್ನು ಹಿಡಿಯುವುದು, ಕೊಲ್ಲುವುದು, ಮೊಟ್ಟೆ ತೆಗೆಯುವುದು ಅಪರಾಧವೂ ಹೌದು.

ಹಿಕ್ಕೆಯ ಮಾತು ಬಂದದ್ದರಿಂದ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರನ್ನು ನೆನೆಯಬೇಕು. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ಓಡಿಸದೆ, ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಮಣ್ಣಿನೊಡನೆ ಸೇರಿಸಿ ಹೊಲಕ್ಕೆ ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಯುಂಟು. ನೀರಿನಲ್ಲಿ ನಿಂತ ಜಾಲಿ ಮರಗಳೇ ಅಲ್ಲಿ ಹಕ್ಕಿಗಳ ಊರು. ಆ ಕೆರೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ತುರ್ವಿಹಾಳದಂಥ ಊರಿನ ನಾಲ್ಕು ಹುಣಸೆ ಮರಗಳಿಗೆ ಅಂಥ ಪಟ್ಟ ಬರಲಾರದು. ಆದರೆ ಹಕ್ಕಿಗೆ ಬೇಕಾದದ್ದು ಪಟ್ಟವಲ್ಲ, ಕಡಿಯದ ಕೊಂಬೆ.

ಮೆದುಳು ಜ್ವರದ ವಿಷಯ

ಹಿತವಲ್ಲದಿದ್ದರೂ ಹೇಳಲೇಬೇಕಾದ ಸಂಗತಿಯೊಂದಿದೆ. ಭತ್ತ ಬೆಳೆಯುವ ಸೀಮೆಗಳಲ್ಲಿ ಮಕ್ಕಳನ್ನು ಕಾಡುವ ಜಪಾನಿ ಮೆದುಳು ಜ್ವರವೆಂಬ ರೋಗವುಂಟು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1955ರಲ್ಲಿ, ವೆಲ್ಲೂರಿನಲ್ಲಿ. ನಮ್ಮ ರಾಜ್ಯದ ಕೋಲಾರ, ಮಂಡ್ಯ, ಬಳ್ಳಾರಿ, ರಾಯಚೂರು ಭಾಗಗಳಲ್ಲೂ ಇದು ಕಾಣಿಸಿಕೊಂಡಿದೆ. ಇದರ ವಿಷಾಣು ಪ್ರಕೃತಿಯಲ್ಲಿ ಉಳಿದಿರುವುದು ಬಕ, ಬೆಳ್ಳಕ್ಕಿಗಳಂಥ ನೀರುಹಕ್ಕಿಗಳಲ್ಲಿ. ಕೊಳದ ಬಕ ಮತ್ತು ಗೋವಕ್ಕಿಗಳ ರಕ್ತದಲ್ಲಿ ಅದರ ಗುರುತುಗಳು ಸಿಕ್ಕಿವೆ. ಹಕ್ಕಿಗೆ ಅದರಿಂದ ಕಾಯಿಲೆ ಬರುವುದಿಲ್ಲ. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಹಕ್ಕಿಯನ್ನು ಕಚ್ಚಿ, ಮುಂದೆ ಹಂದಿಯನ್ನು ಕಚ್ಚಿದರೆ ವಿಷಾಣು ಹಂದಿಯ ಮೈಯಲ್ಲಿ ಬಹಳವಾಗಿ ಹೆಚ್ಚುತ್ತದೆ. ಅಲ್ಲಿಂದ ಸೊಳ್ಳೆಯ ಮೂಲಕವೇ ಮಗುವಿಗೆ ಬರುತ್ತದೆ. ಹಕ್ಕಿಯನ್ನು ಮುಟ್ಟಿದರೆ, ಮರದ ಕೆಳಗೆ ಆಡಿದರೆ ಈ ರೋಗ ಬರುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೂ ಹರಡುವುದಿಲ್ಲ.

ಹಾಗಾದರೆ ಹಕ್ಕಿಗಳನ್ನೇ ಓಡಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅದರಿಂದ ಪ್ರಯೋಜನವಿಲ್ಲ. ಈ ಮರದಿಂದ ಎದ್ದ ಹಕ್ಕಿ ಆ ಮರಕ್ಕೆ ಹೋಗುತ್ತದೆ, ಸೊಳ್ಳೆ ಮಾತ್ರ ನಿಮ್ಮ ಗದ್ದೆಯಲ್ಲೇ ಇರುತ್ತದೆ. ಮಾಡಬೇಕಾದ ಕೆಲಸಗಳು ಬೇರೆ ಇವೆ. ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು, ಹೀಗೆ ಎರಡು ಸಲ ಈ ರೋಗದ ಲಸಿಕೆಯನ್ನು ರೋಗದ ಭಯವಿರುವ ಜಿಲ್ಲೆಗಳಲ್ಲಿ ಸರ್ಕಾರವೇ ಉಚಿತವಾಗಿ ಹಾಕಿಸುತ್ತದೆ. ನಿಮ್ಮ ಮಗುವಿನ ಚೀಟಿಯಲ್ಲಿ ಎರಡೂ ದಾಖಲಾಗಿವೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿರಿ. ಕೂಲಿಗಾಗಿ ಬೇರೆ ಊರಿಂದ ಬಂದು ಗದ್ದೆಯ ಬಳಿ ಗುಡಿಸಲು ಹಾಕಿದವರ ಮಕ್ಕಳಿಗೆ ಇದು ತಪ್ಪಿ ಹೋಗುವುದೇ ಹೆಚ್ಚು, ಅವರಿಗೆ ನೀವೇ ತಿಳಿಸಬೇಕು. ಈ ಸೊಳ್ಳೆ ಕಚ್ಚುವುದು ಸಂಜೆ ಮತ್ತು ರಾತ್ರಿ, ಆದ್ದರಿಂದ ಸೊಳ್ಳೆ ಪರದೆಯ ಉಪಯೋಗ ಬಹಳ. ಹಂದಿಗಳ ಗೂಡು ಮಕ್ಕಳು ಮಲಗುವ ಮನೆಗಳಿಂದ ದೂರವಿರಲಿ. ನಾಟಿ ಭತ್ತದಲ್ಲಿ ಸದಾ ನೀರು ನಿಲ್ಲಿಸದೆ, ನಡುನಡುವೆ ಮಡಿ ಆರಲು ಬಿಟ್ಟು ಮತ್ತೆ ನೀರು ಕಟ್ಟಿದರೆ ಸೊಳ್ಳೆಯ ಮರಿಗಳು ಸಾಯುತ್ತವೆ, ನೀರೂ ಉಳಿಯುತ್ತದೆ. ಹೂ ಬಿಡುವ ಸಮಯದಲ್ಲಿ ಮಾತ್ರ ಪೈರಿಗೆ ನೀರಿನ ಕೊರತೆಯಾಗಕೂಡದು.

ಮಗುವಿಗೆ ಜೋರು ಜ್ವರ, ತಲೆನೋವು, ವಾಂತಿಯೊಡನೆ ಫಿಟ್ಸ್ ಬಂದರೆ, ಅಥವಾ ಅದು ಮಂಪರಾಗಿ ಗುರುತು ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮರುದಿನ ನೋಡೋಣ ಎನ್ನುವ ರೋಗ ಇದಲ್ಲ.

ವಿಷದ ವಿಷಯ

ನೀರಿನ ಜೀವಿಗಳನ್ನು ತಿನ್ನುವ ಹಕ್ಕಿಗೆ ವಿಷ ಎರಡು ದಾರಿಯಿಂದ ಬರುತ್ತದೆ. ಒಂದು ನಿಧಾನದ ದಾರಿ. ಡಿ.ಡಿ.ಟಿ.ಯಂಥ ಔಷಧಗಳು ನೀರಿನ ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಸೇರುತ್ತ ಹೆಚ್ಚುತ್ತ ಹೋಗಿ, ಮೊಟ್ಟೆಯ ಚಿಪ್ಪು ತೆಳುವಾಗಿ ಕಾವಿಗೆ ಕೂತಾಗಲೇ ಒಡೆಯುವುದನ್ನು ಹಲವು ದೇಶಗಳಲ್ಲಿ ಕಂಡರು. ನಮ್ಮ ದೇಶದಲ್ಲಿ 1989ರಲ್ಲಿ ಬೇಸಾಯದಲ್ಲಿ ಡಿ.ಡಿ.ಟಿ. ಬಳಕೆಯನ್ನು ನಿಲ್ಲಿಸಲಾಯಿತು. ಇನ್ನೊಂದು ಬೇಗನೆ ಕೊಲ್ಲುವ ದಾರಿ: ಗದ್ದೆಗೆ ಎರಚುವ ಹರಳು ಔಷಧಗಳು. ಅಮೆರಿಕದಲ್ಲಿ 1990ರ ದಶಕದಲ್ಲಿ ಹರಳು ರೂಪದ ಕಾರ್ಬೊಫ್ಯೂರಾನ್ ಅನ್ನು ಬಹುಮಟ್ಟಿಗೆ ಹಿಂತೆಗೆದುಕೊಂಡದ್ದು ಹಕ್ಕಿಗಳ ಸಾವಿನ ಕಾರಣದಿಂದಲೇ. ನಮ್ಮಲ್ಲಿ ಫೋರೇಟ್ ಹರಳುಗಳನ್ನು 2020ರ ಡಿಸೆಂಬರ್ 31ರಿಂದ ಪೂರ್ತಿಯಾಗಿ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಎಂದು ಯಾರಾದರೂ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಕೂಡದು. ಮನೆಯ ಮೂಲೆಯಲ್ಲಿ ಉಳಿದಿದ್ದರೆ ಬಳಸಕೂಡದು, ಕಾಲುವೆಗೆ ಸುರಿಯಲೂಕೂಡದು. ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಏಡಿ ಬಿಲಗಳಿಗೆ ವಿಷ ಬೆರೆಸಿದ ಅನ್ನ, ಮಂಡಕ್ಕಿ ಇಡುವ ರೂಢಿ ಭತ್ತದ ಸೀಮೆಗಳಲ್ಲಿ ಅಲ್ಲಲ್ಲಿ ಇದೆ. ಅದನ್ನು ತಿಂದು ಅರೆಸತ್ತ ಏಡಿ ಬಿಲದಿಂದ ಹೊರಗೆ ಬಂದು ತೆವಳುತ್ತದೆ. ಬಕಕ್ಕೆ ಅದು ಅತ್ಯಂತ ಸುಲಭದ ಬೇಟೆ. ಹೀಗೆ ಏಡಿಯೂ ಸಾಯುತ್ತದೆ, ಏಡಿಯನ್ನು ತಿನ್ನುವ ಹಕ್ಕಿಯೂ ಸಾಯುತ್ತದೆ. ಮುಂದಿನ ವರ್ಷ ಕಾಲುವೆಯ ನೀರಿನೊಡನೆ ಏಡಿ ಮಾತ್ರ ತಪ್ಪದೆ ಬರುತ್ತದೆ. ಸಂಜೆಯ ಹೊತ್ತು ಬಿಲಗಳನ್ನು ಅಗೆದು ಏಡಿ ಹಿಡಿಯುವುದು, ನಾಟಿಗೆ ಮುಂಚೆ ಹಳೆಯ ಬದುವನ್ನು ಕೆತ್ತಿ ಹೊಸ ಕೆಸರು ಮೆತ್ತುವುದು, ಬದುಗಳನ್ನು ವಿಪರೀತ ಅಗಲವಾಗಿಡದಿರುವುದು ಶ್ರಮದ ಕೆಲಸವಾದರೂ ಬಾಳಿಕೆಯದು. ಔಷಧ ಸಿಂಪಡಿಸಿದ ದಿನ ಮತ್ತು ಮರುದಿನ ಮಡಿಯ ನೀರನ್ನು ಬಸಿಗಾಲುವೆಗೆ ಬಿಡಬೇಡಿರಿ. ಪಂಪು ತೊಳೆದ ನೀರು, ಖಾಲಿ ಡಬ್ಬಿಗಳು ಹೊಲಗಾಲುವೆಗೆ ಹೋಗದಿರಲಿ. ಅದೇ ನೀರನ್ನು ಕೆಳಗಿನ ಕ್ಯಾಂಪಿನ ದನಗಳು ಕುಡಿಯುತ್ತವೆ.

ಮೀನು ಸಾಕುವವರಿಗೆ

ಕೃಷಿಹೊಂಡದಲ್ಲಿ ಮೀನುಮರಿ ಬಿಟ್ಟವರಿಗೆ ಈ ಹಕ್ಕಿಯ ಮೇಲೆ ಸಿಟ್ಟಿರುವುದು ಸಹಜ, ಅದರಲ್ಲಿ ತಪ್ಪಿಲ್ಲ. ಬೆರಳುದ್ದದ ಮರಿಗಳನ್ನು ಅದು ಖಂಡಿತ ತಿನ್ನುತ್ತದೆ. ಆದರೆ ಅದರ ಕಾಲು ಚಿಕ್ಕದು. ಕಾಲು ಊರಲು ನೆಲ ಸಿಗದ ಕಡೆ ಅದು ಹೆಚ್ಚೇನೂ ಮಾಡಲಾರದು. ಹೊಂಡದ ಅಂಚು ಇಳಿಜಾರಾಗಿದ್ದು ನೀರು ತೆಳುವಾಗಿದ್ದರೆ ಅಲ್ಲಿಯೇ ಅದರ ಅಂಗಡಿ. ಅಂಚನ್ನು ಕಡಿದಾಗಿ ತೆಗೆದು ದಡದಲ್ಲೇ ಆಳ ಬರುವಂತೆ ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ. ಹಾಗೆ ಮಾಡುವಾಗ ಮಕ್ಕಳು, ದನಗಳು ಬೀಳದಂತೆ ಬೇಲಿ ಕಟ್ಟಲು ಮರೆಯಬೇಡಿರಿ. ಮರಿಗಳು ಚಿಕ್ಕವಿರುವ ಮೊದಲ ಒಂದೆರಡು ತಿಂಗಳು ಹೊಂಡದ ಮೇಲೆ ಬಲೆ ಹೊದಿಸಬಹುದು. ಹೊದಿಸಿದ ಬಲೆ ಬಿಗಿಯಾಗಿರಲಿ, ಸಡಿಲ ಬಲೆಯಲ್ಲಿ ಹಕ್ಕಿ ಸಿಕ್ಕಿಕೊಂಡು ಸಾಯುತ್ತದೆ. ಮೀನು ಅಂಗೈಯಗಲ ಬೆಳೆದ ಮೇಲೆ ಈ ಹಕ್ಕಿಯ ಭಯವಿಲ್ಲ. ಬೆದರುಬೊಂಬೆಯನ್ನು ಅದು ನಾಲ್ಕು ದಿನಕ್ಕೆ ಅರಿತುಕೊಂಡು ಅದರ ನೆರಳಿನಲ್ಲೇ ಮೀನು ಹಿಡಿಯುತ್ತದೆ.

ಇನ್ನು ಗೂಡಿನ ಮರವನ್ನು ಸವರುವ ವಿಷಯ. ಮನೆಯ ಮೇಲೆ, ವಿದ್ಯುತ್ ತಂತಿಯ ಮೇಲೆ ಬಾಗಿದ ಕೊಂಬೆಯನ್ನು ತೆಗೆಯುವುದು ಅನಿವಾರ್ಯವಾದರೆ ಮರಿಗಳೆಲ್ಲ ಹಾರಿಹೋದದ್ದನ್ನು ಖಚಿತ ಮಾಡಿಕೊಂಡು ತೆಗೆಯಿರಿ. ಮಳೆಗಾಲ ಕಳೆದು ಗೂಡುಗಳು ಖಾಲಿಯಾಗಿ, ಮರದ ಕೆಳಗೆ ಹೊಸ ಹಿಕ್ಕೆ ಬೀಳುವುದು ನಿಂತಿರಬೇಕು. ಬೇಸಿಗೆಯಲ್ಲಿ, ಮುಂದಿನ ಮಳೆಗೆ ಮುಂಚೆ ಈ ಕೆಲಸ ಮುಗಿಸಿದರೆ ಹಕ್ಕಿಗಳು ಬಂದು ಉಳಿದ ಕೊಂಬೆಗಳಲ್ಲಿ ಕಟ್ಟಿಕೊಳ್ಳುತ್ತವೆ. ಅದೇ ಸಮಯದಲ್ಲಿ ಮರದ ಬುಡದ ಮಣ್ಣನ್ನು ಒಂದು ಗೇಣು ಕೆರೆದು ತಿಪ್ಪೆಗೆ ಸೇರಿಸಿ, ಅದರ ಮೇಲೆ ಸಗಣಿ ಮತ್ತು ಹುಲ್ಲು ಹಾಕಿ ಮುಚ್ಚಿರಿ. ಹಸಿ ಹಿಕ್ಕೆಯನ್ನು ನೇರವಾಗಿ ಸಸಿಮಡಿಗೆ ಹಾಕಿದರೆ ಎಲೆ ಸುಡುತ್ತದೆ, ಕೊಳೆತ ಮೇಲೆ ಹಾಕಬೇಕು.